ಜೀರ್ಣೋದ್ಧಾರದ ಒಂದು ಪ್ರಶ್ನೆ

ಹಳೆಯ ವಸ್ತುಗಳ ವಿಷಯದಲ್ಲಿ ನಾವು ಸಾಮಾನ್ಯವಾಗಿ ಎಲ್ಲರೂ ಧರ್ಮಿಷ್ಠರೇ. ಅಜ್ಜನ ಕಾಲದ ಗಡಿಯಾರ, ಅಜ್ಜಿ ಬಳಸುತ್ತಿದ್ದ ಒರಳು, ಊರ ಹೊರಗಿನ ಪಾಳುಗುಡಿ—ಇಂಥವುಗಳ ಮಾತು ಬಂದಾಗ, “ಇದ್ದದ್ದು ಇದ್ದ ಹಾಗೆಯೇ ಇರಲಿ, ಯಾರೂ ಕೈಹಚ್ಚುವುದು ಬೇಡ” ಎಂದುಬಿಡುವುದು ನಮಗೆ ಬಹಳ ಸುಲಭ. ಹಾಗೆ ಹೇಳುವುದರಿಂದ ಹಳೆಯದರ ಮೇಲೆ ನಮಗಿರುವ ಗೌರವವೂ ಪ್ರಕಟವಾಗುತ್ತದೆ, ಕೈಯ ಕಾಸೂ ಉಳಿಯುತ್ತದೆ. ನಾನೂ ಬಹುಕಾಲದಿಂದ ಹೀಗೆಯೇ ಹೇಳುತ್ತ ಬಂದವನು. ಕಳೆದ ವರ್ಷ ಈ ಮಾತನ್ನು ಆಡಬಾರದ ಕಡೆಯಲ್ಲಿ ಆಡಿ, ತಿದ್ದಿಸಿಕೊಂಡು ಬಂದೆ. ತಿದ್ದಿದವರು ಪಂಡಿತರಲ್ಲ, ರೇಡಿಯೋ, ಆಂಪ್ಲಿಫಯರುಗಳನ್ನು ರಿಪೇರಿ ಮಾಡುವ ಒಬ್ಬ ಕುಶಲಿ. ಆ ಪ್ರಸಂಗವನ್ನೂ ಅದರಿಂದ ನನ್ನ ಮನಸ್ಸಿನಲ್ಲಿ ಎದ್ದ ಪ್ರಶ್ನೆಯನ್ನೂ ಓದುಗರ ಮುಂದೆ ಇಡುತ್ತೇನೆ.

ನನ್ನ ಬಾಲ್ಯದ ಗೆಳೆಯರೊಬ್ಬರು ದಕ್ಷಿಣ ಕ್ಯಾಲಿಫೋರ್ನಿಯದಲ್ಲಿ ನೆಲೆಸಿ ಎಷ್ಟೋ ವರ್ಷಗಳಾದವು. ಕಳೆದ ಬೇಸಗೆಯ ರಜೆಯಲ್ಲಿ ಮೂರು ವಾರ ಅವರ ಮನೆಯಲ್ಲಿದ್ದೆ. ಅವರ ನೆರೆಮನೆಯಲ್ಲಿ ಒಬ್ಬ ವೃದ್ಧೆ ಒಂಟಿಯಾಗಿ ಇದ್ದಾರೆ. ಆಕೆಯ ಪತಿ ಪ್ರಾಯದಲ್ಲಿ ಮದುವೆಗಳಲ್ಲಿಯೂ ನೃತ್ಯಶಾಲೆಗಳಲ್ಲಿಯೂ ಗಿಟಾರು ನುಡಿಸುತ್ತಿದ್ದವರು. ಅನಂತರ ಬೇರೆ ಉದ್ಯೋಗ ಹಿಡಿದು, ಸಂಜೆಯ ಹೊತ್ತು ಮನೆಯಲ್ಲಿಯೇ ನುಡಿಸಿಕೊಂಡಿದ್ದವರು. ಅವರು ತೀರಿಕೊಂಡು ಎರಡು ವರ್ಷವಾಗಿತ್ತು. ಗೆಳೆಯರ ಮಗಳು ಹದಿನಾರರ ಹುಡುಗಿ, ಗಿಟಾರು ಕಲಿಯುತ್ತಿದ್ದಾಳೆ. ಆ ತಾಯಿ ಒಂದು ದಿನ ಹುಡುಗಿಯನ್ನು ಕರೆದು, ಗಂಡನ ಹಳೆಯ ಆಂಪ್ಲಿಫಯರನ್ನು ಆಕೆಗೆ ಕೊಟ್ಟುಬಿಟ್ಟರು. “ಅವರು ಇದನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ, ನೀನು ಮುಟ್ಟು” ಎಂದರಂತೆ.

ಆಂಪ್ಲಿಫಯರೆಂದರೆ ಏನು ಎಂಬುದನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಬೇಕು. ವಿದ್ಯುತ್ ಗಿಟಾರಿಗೆ ತನ್ನಷ್ಟಕ್ಕೆ ದೊಡ್ಡ ಧ್ವನಿಯಿಲ್ಲ. ತಂತಿಯ ಕಂಪನದಿಂದ ಹುಟ್ಟುವ ಕ್ಷೀಣವಾದ ವಿದ್ಯುತ್ತನ್ನು ಹೆಚ್ಚಿಸಿ ಸ್ಪೀಕರಿನಿಂದ ಹೊರಡಿಸುವ ಪೆಟ್ಟಿಗೆಯೇ ಅದರ ಕಂಠ. ವೀಣೆಗೆ ಬುರುಡೆ ಹೇಗೋ ಹಾಗೆ. ಈ ಪೆಟ್ಟಿಗೆ ಫೆಂಡರ್ ಕಂಪನಿಯವರದು. ‘ಡಿಲಕ್ಸ್ ರಿವರ್ಬ್’ ಎಂದು ಅದರ ಹೆಸರು. ೧೯೬೩ರಲ್ಲಿ ಮೊದಲು ಬಂದ ಮಾದರಿ. ಕಪ್ಪು ಹೊದಿಕೆ, ಹನ್ನೆರಡು ಅಂಗುಲದ ಒಂದು ಸ್ಪೀಕರು, ಸುಮಾರು ೨೨ ವಾಟಿನ ಶಕ್ತಿ, ಒಳಗೆ ಸಾಲಾಗಿ ನಿಂತು ಕೆಂಪಗೆ ಕಾಯುವ ಗಾಜಿನ ವಾಲ್ವುಗಳು—ನಮ್ಮ ಮನೆಗಳ ಹಳೆಯ ರೇಡಿಯೋದಲ್ಲಿ ಇರುತ್ತಿದ್ದಂಥವೇ. ಪೆಟ್ಟಿಗೆಯ ಒಳಗೋಡೆಗೆ ಅಂಟಿಸಿದ ಕಾಗದದಲ್ಲಿ ವಾಲ್ವುಗಳ ಪಟ್ಟಿ. ಅದರ ಮೇಲೆ ಶಾಯಿಯ ಮುದ್ರೆಯಲ್ಲಿ ಎರಡು ಅಕ್ಷರ. ಮೊದಲನೆಯದು ವರ್ಷ, ಎರಡನೆಯದು ತಿಂಗಳು. ೧೯೫೧ಕ್ಕೆ ‘ಎ’ ಎಂದು ಎಣಿಕೆ ಆರಂಭ. ಇದರ ಮೇಲಿದ್ದುದು ‘ಎನ್’. ಎಂದರೆ ೧೯೬೪.

ಈ ವರ್ಷಕ್ಕೆ ಅಲ್ಲಿನ ಪೇಟೆಯಲ್ಲಿ ಬೆಲೆಯುಂಟು. ಕಂಪನಿಯನ್ನು ಕಟ್ಟಿದ ಲಿಯೋ ಫೆಂಡರ್ ೧೯೬೫ರ ಜನವರಿಯಲ್ಲಿ ಅದನ್ನು ಸಿಬಿಎಸ್ ಎಂಬ ದೊಡ್ಡ ಪ್ರಸಾರಸಂಸ್ಥೆಗೆ ೧ ಕೋಟಿ ೩೦ ಲಕ್ಷ ಡಾಲರಿಗೆ ಮಾರಿದರು. ಅದಕ್ಕೆ ಮೊದಲಿನದು ಶುದ್ಧ, ಅನಂತರದ್ದು ಮಿಶ್ರ ಎಂದು ಸಂಗ್ರಾಹಕರ ನಂಬಿಕೆ. ಅವರು ಕೊಳ್ಳುವ ಮುನ್ನ ಪೆಟ್ಟಿಗೆಯನ್ನು ಬಿಚ್ಚಿ, ಟ್ರಾನ್ಸ್‌ಫಾರ್ಮರು, ಸ್ಪೀಕರುಗಳ ಮೇಲಿನ ಅಂಕಿಗಳನ್ನು ಓದಿ, ಪ್ರತಿಯೊಂದು ಭಾಗದ ಹುಟ್ಟಿದ ವರ್ಷವನ್ನೂ ವಾರವನ್ನೂ ಲೆಕ್ಕ ಹಾಕುತ್ತಾರೆ. ಹೆಣ್ಣು ನೋಡಲು ಬಂದವರು ಜಾತಕ ಬಿಚ್ಚಿದಂತೆ. ಒಂದು ಭಾಗ ಬದಲಾಗಿದ್ದರೂ ಬೆಲೆ ಇಳಿಯುತ್ತದೆ. ಗೆಳೆಯರಿಗೆ ಮಾರುವ ಯೋಚನೆಯಿರಲಿಲ್ಲ. ಆದರೂ ಬೆಲೆಯುಳ್ಳ ವಸ್ತು ಮನೆಗೆ ಬಂದಾಗ ಅದರ ಬೆಲೆಯೂ ಹಿಂದೆಯೇ ಬಂದು ಕುಳಿತುಬಿಡುತ್ತದೆ.

ತೊಂದರೆಯೆಂದರೆ, ಪೆಟ್ಟಿಗೆ ಗುಂಯ್‌ಗುಟ್ಟುತ್ತಿತ್ತು. ಗಿಟಾರನ್ನು ಮುಟ್ಟದಿದ್ದಾಗಲೂ ಒಂದು ತಗ್ಗಿದ ನಾದ ನಿಲ್ಲದೆ ಹೊರಡುತ್ತಿತ್ತು. ಹುಡುಗಿ ಮೇಲಿನ ತಂತಿಗಳಲ್ಲಿ ಒಂದು ಸ್ವರವನ್ನು ಜೋರಾಗಿ ಮೀಟಿದರೆ, ಅದರ ಜೊತೆಗೆ ಶ್ರುತಿ ಸೇರದ ಇನ್ನೊಂದು ಸ್ವರ ಮೆಲ್ಲನೆ ಕೇಳಿಬರುತ್ತಿತ್ತು. ಆ ದೇಶದ ವಾದಕರು ಇದನ್ನು ಭೂತಸ್ವರವೆಂದೇ ಕರೆಯುತ್ತಾರೆ. ಹುಡುಗಿಗೆ ಇದು ಕಿರಿಕಿರಿ. ಆದರೆ ನೆರೆಯ ತಾಯಿ ಒಂದು ಸಂಜೆ ಬಂದು ಕುಳಿತು ಕೇಳಿ, “ಈ ಗುಂಯ್ ಎನ್ನುವುದು ನನಗೆ ಅಭ್ಯಾಸ. ಅಡಿಗೆಮನೆಯಲ್ಲಿ ಇದು ಕೇಳಿಸಿತೆಂದರೆ ಅವರು ಮನೆಗೆ ಬಂದಿದ್ದಾರೆ ಎಂದು ಅರ್ಥ” ಎಂದರು. ಹೇಳಿ ನಕ್ಕರು. ನಮಗೆ ನಗು ಬರಲಿಲ್ಲ.

ಗೆಳೆಯರು ನನ್ನನ್ನು ಕೇಳಿದರು: “ನೀನೇನೆನ್ನುತ್ತೀಯೆ? ಇದನ್ನು ರಿಪೇರಿ ಮಾಡಿಸಬೇಕೋ, ಹಾಗೆಯೇ ಬಿಡಬೇಕೋ?” ನಾನು ಹಿಂದುಮುಂದು ನೋಡದೆ ಬಿಡಬೇಕೆಂದೆ. ಅರುವತ್ತು ವರ್ಷ ಬಾಳಿದ ವಸ್ತು. ಒಬ್ಬರ ಜೀವನದ ಸಂಜೆಗಳೆಲ್ಲ ಅದರಲ್ಲಿ ಸೇರಿವೆ. ಈ ಗುಂಯ್‌ಗುಡುವಿಕೆಯೂ ಅದರ ಚರಿತ್ರೆಯ ಭಾಗವೇ. ಅದನ್ನು ತೆಗೆದುಹಾಕುವುದಕ್ಕೆ ನಾವು ಯಾರು—ಇತ್ಯಾದಿಯಾಗಿ ಚೆನ್ನಾಗಿಯೇ ಮಾತನಾಡಿದೆನೆಂದು ನೆನಪು. ಗೆಳೆಯರಿಗೆ ನನ್ನ ಮಾತು ಹಿಡಿಸಿತು. ಅವರ ಮಗಳು ಮಾತ್ರ, “ಅಂಕಲ್, ಇದನ್ನು ನುಡಿಸುವವಳು ನಾನು” ಎಂದಳು. ಕೊನೆಗೆ ಬಲ್ಲವರನ್ನು ಕೇಳಿ ನೋಡೋಣ ಎಂದು ಮೂವರೂ ಪೆಟ್ಟಿಗೆಯನ್ನು ಕಾರಿನಲ್ಲಿಟ್ಟುಕೊಂಡು ಹೊರಟೆವು.

ರಿಪೇರಿಗಾರರು ವಯಸ್ಸಾದವರು, ಮಾತು ಕಡಮೆ. ಪೆಟ್ಟಿಗೆಯನ್ನು ಚಾಲೂ ಮಾಡಿ ಒಂದು ನಿಮಿಷ ಕೇಳಿದರು. ಫಿಲ್ಟರು ಕಂಡೆನ್ಸರುಗಳು ಮುಗಿದಿವೆ ಎಂದರು. ನಾನು ವಿಜ್ಞಾನ ಓದಿದವನಲ್ಲ. ಆದರೂ ಅವರು ತಿಳಿಸಿದ್ದು ನನಗೆ ಹತ್ತಿತು. ಗೋಡೆಯಿಂದ ಬರುವ ವಿದ್ಯುತ್ತು ಒಂದೇ ಸಮನೆ ಹಿಂದಕ್ಕೂ ಮುಂದಕ್ಕೂ ತುಯ್ಯುತ್ತಿರುತ್ತದೆ. ಅಮೆರಿಕದಲ್ಲಿ ಸೆಕೆಂಡಿಗೆ ೬೦ ಸಲ, ನಮ್ಮಲ್ಲಿ ೫೦ ಸಲ. ವಾಲ್ವುಗಳಿಗೆ ಬೇಕಾದುದು ಒಂದೇ ದಿಕ್ಕಿನಲ್ಲಿ, ನಾನೂರು ವೋಲ್ಟಿನ ಆಸುಪಾಸಿನಲ್ಲಿ, ಸಮನಾಗಿ ನಿಂತ ವಿದ್ಯುತ್ತು. ರೆಕ್ಟಿಫಯರು ವಾಲ್ವು ತುಯ್ತವನ್ನು ಒಂದೇ ದಿಕ್ಕಿಗೆ ತಿರುಗಿಸುತ್ತದೆ. ಆದರೆ ಅದು ಅಲೆಅಲೆಯಾಗಿ ಬರುತ್ತದೆ, ಸೆಕೆಂಡಿಗೆ ೧೨೦ ಅಲೆ. ಈ ಅಲೆಗಳ ನಡುವಿನ ತಗ್ಗನ್ನು ತುಂಬುವುದೇ ಫಿಲ್ಟರು ಕಂಡೆನ್ಸರಿನ ಕೆಲಸ. ಮಳೆ ಬಂದಾಗ ತುಂಬಿಕೊಂಡು, ಮಳೆ ನಿಂತಾಗ ಗದ್ದೆಗೆ ಬಿಡುವ ಕೆರೆಯಂತೆ ಅದು. ಕೆರೆಯಲ್ಲಿ ಹೂಳು ತುಂಬಿದರೆ ಮಳೆಯ ಏರಿಳಿತವೆಲ್ಲ ನೇರವಾಗಿ ಪೈರಿಗೆ ತಗಲುತ್ತದೆ. ಹಾಗೆಯೇ ಇಲ್ಲಿ ೧೨೦ರ ಅಲೆ ನೇರವಾಗಿ ಸ್ಪೀಕರಿಗೆ ಬಂದು ಗುಂಯ್‌ಗುಡುತ್ತದೆ. ಮೀಟಿದ ಸ್ವರದೊಡನೆ ಬೆರೆತು ಭೂತಸ್ವರವಾಗುತ್ತದೆ.

ಅವರ ಬಳಿ ಒಂದು ಡಬ್ಬಿಯ ತುಂಬ ಸತ್ತ ಕಂಡೆನ್ಸರುಗಳಿದ್ದವು. ಒಂದನ್ನು ತೆಗೆದು ಕೈಗೆ ಕೊಟ್ಟರು. ರಟ್ಟಿನ ಕವಚದ ಕೊಳವೆ; ಒಂದು ತುದಿಯಲ್ಲಿ ರಬ್ಬರಿನ ಮುಚ್ಚಳ ಗುಳ್ಳೆಯಂತೆ ಉಬ್ಬಿತ್ತು. ಇನ್ನೊಂದನ್ನು ಸೀಳಿ ತೋರಿಸಿದರು. ಒಳಗೆ ಅಲ್ಯುಮಿನಿಯಮ್ಮಿನ ತೆಳು ಹಾಳೆಗಳು, ಅವುಗಳ ನಡುವೆ ಒಮ್ಮೆ ದ್ರಾವಣದಲ್ಲಿ ನೆನೆದಿದ್ದು ಈಗ ಒಣಗಿದ ಕಾಗದ. ಹಾಳೆಯ ಮೇಲೆ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟೂ ದಪ್ಪವಿಲ್ಲದ ಆಕ್ಸೈಡಿನ ಪೊರೆ ಇರುತ್ತದೆಯಂತೆ. ವಿದ್ಯುತ್ತನ್ನು ತಡೆದು ನಿಲ್ಲಿಸುವುದು ಆ ಪೊರೆ. ವಿದ್ಯುತ್ತು ಹರಿಯುತ್ತಿದ್ದರೆ ಪೊರೆ ತನ್ನ ಗಾಯವನ್ನು ತಾನೇ ಮಾಯಿಸಿಕೊಳ್ಳುತ್ತದೆ. ಬಳಸದೆ ಇಟ್ಟರೆ ಸವೆಯುತ್ತದೆ. ಬಳಸಿದರೆ ಕಾವಿಗೆ ದ್ರಾವಣ ಒಣಗುತ್ತದೆ. ಎಂದರೆ, ಬಳಸಿದರೂ ಕೆಡುತ್ತದೆ, ಇಟ್ಟರೂ ಕೆಡುತ್ತದೆ. “ಹದಿನೈದಿಪ್ಪತ್ತು ವರ್ಷ ಬಂದರೆ ಅದು ತನ್ನ ಕೆಲಸ ಮಾಡಿದ ಹಾಗೆ” ಎಂದರು. ‘ಇದ್ದ ಹಾಗೆಯೇ ಇರಲಿ’ ಎಂದ ನನ್ನ ಮಾತು ಆಗಲೇ ಸ್ವಲ್ಪ ಕುಂಟಿತು. ಇದ್ದ ಹಾಗೆಯೇ ಇರುವ ಸೌಕರ್ಯ ಆ ವಸ್ತುವಿಗೇ ಇರಲಿಲ್ಲ.

ಆದರೂ ನಾನು ಬಿಡಲಿಲ್ಲ. ಗುಂಯ್‌ಗುಟ್ಟಿದರೆ ಗುಂಯ್‌ಗುಟ್ಟಲಿ, ಅದರಿಂದ ನಷ್ಟವೇನು ಎಂದೆ. ಅವರು ಪೆಟ್ಟಿಗೆಯೊಳಗಿನ ಟ್ರಾನ್ಸ್‌ಫಾರ್ಮರನ್ನು ತೋರಿಸಿದರು. ಕಂಡೆನ್ಸರು ಒಣಗಿದರೆ ಬರಿಯ ಸದ್ದು. ಆದರೆ ಅದು ಒಂದು ದಿನ ಒಳಗೇ ಒಡೆದು ವಿದ್ಯುತ್ತಿಗೆ ನೇರ ದಾರಿ ಬಿಟ್ಟರೆ, ಆ ಹೊರೆಯೆಲ್ಲ ಮೊದಲು ರೆಕ್ಟಿಫಯರಿನ ಮೇಲೆ, ಅನಂತರ ಟ್ರಾನ್ಸ್‌ಫಾರ್ಮರಿನ ಮೇಲೆ. ೧೯೬೪ರಲ್ಲಿ ಸುತ್ತಿದ ಆ ತಂತಿಯ ಸುರುಳಿ ಸುಟ್ಟುಹೋದರೆ ಮತ್ತೆ ಬರುವುದಿಲ್ಲ. ಕೆಲವೇ ಡಾಲರಿನ ಸವೆಯುವ ಭಾಗವನ್ನು ಪೂಜಿಸಿ, ಸವೆಯದ ಭಾಗವನ್ನು ಕಳೆದುಕೊಳ್ಳುತ್ತೀರಿ ಎಂದರು. ಆಮೇಲೆ ತಂತಿಯನ್ನು ಗೋಡೆಯಿಂದ ಕಿತ್ತು, ಪೆಟ್ಟಿಗೆಯನ್ನು ಬಿಚ್ಚಿ, ಮೀಟರಿನ ಒಂದು ತಂತಿಯನ್ನು ಲೋಹದ ಚೌಕಟ್ಟಿಗೆ ಸಿಕ್ಕಿಸಿ, ಎಡಗೈಯನ್ನು ಜೇಬಿನಲ್ಲಿಟ್ಟುಕೊಂಡು, ಬಲಗೈಯಿಂದ ಇನ್ನೊಂದನ್ನು ಒಳಗೆ ಮುಟ್ಟಿಸಿದರು. ಎರಡು ಕೈಯೂ ಒಳಗಿದ್ದರೆ ಹೊಡೆತ ಎದೆಯನ್ನು ದಾಟಿ ಹೋಗಬಹುದು. ಅದಕ್ಕೆ ಈ ಪದ್ಧತಿ. ಯಾವ ತಂತಿಗೂ ಸೇರದೆ ಆರಿಹೋಗಿದ್ದ ಆ ಪೆಟ್ಟಿಗೆಯಲ್ಲಿ ಇನ್ನೂ ೨೮೦ ವೋಲ್ಟು ಇತ್ತು. ಒಂದು ರೆಸಿಸ್ಟರಿನ ಮೂಲಕ ಅದನ್ನು ಮೆಲ್ಲನೆ ಇಳಿಸಿ, ಸೊನ್ನೆಯಾಯಿತೆಂದು ಮತ್ತೊಮ್ಮೆ ಅಳೆದು, ಆಮೇಲೆ ಕೈಹಾಕಿದರು. ಹುಡುಗಿಯ ಕಡೆ ತಿರುಗಿ, “ನೀನು ಎಂದೂ ಇದನ್ನು ಬಿಚ್ಚಬೇಡ” ಎಂದರು.

ಒಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು. ಆ ಪೆಟ್ಟಿಗೆಗೆ ಎರಡು ತಂತಿಯ ಹಳೆಯ ಪ್ಲಗ್ಗು ಇತ್ತು. ಭೂಮಿಗೆ ಸೇರುವ ಮೂರನೆಯ ತಂತಿ ಇರಲಿಲ್ಲ. ಅದನ್ನು ಬದಲಾಯಿಸಲೇಬೇಕೆಂದು ಅವರು ಹೇಳಿದಾಗ ನಾವು ಯಾರೂ ಚಕಾರವೆತ್ತಲಿಲ್ಲ. ಅದೂ ೧೯೬೪ರದೇ; ಅದೂ ಮೂಲವೇ. ಆದರೆ ಹುಡುಗಿಯ ಜೀವದ ಪ್ರಶ್ನೆ ಬಂದಾಗ ಮೂಲದ ಮಾತು ತಾನಾಗಿ ಅಡಗಿತು. ಹಾಗಾದರೆ ನಮ್ಮ ಹಿಂದಿನ ಭಕ್ತಿಯೆಲ್ಲ ಎಷ್ಟು ಆಳದ್ದು? ತನಗೇನೂ ನಷ್ಟವಿಲ್ಲದಿರುವಾಗ ಮಾತ್ರ ನಿಲ್ಲುವ ಭಕ್ತಿಯೇ ಅದು ಎಂದು ನನ್ನನ್ನು ನಾನೇ ಕೇಳಿಕೊಂಡೆ.

ಬದಲಾಯಿಸಿದ ವಸ್ತು ಅದೇ ವಸ್ತುವೇ ಎಂಬ ಪ್ರಶ್ನೆ ಹೊಸದಲ್ಲ. ಅಥೆನ್ಸಿನವರು ತಮ್ಮ ವೀರನಾದ ಥೀಸಿಯಸನ ಹಡಗನ್ನು ಬಹುಕಾಲ ಕಾಪಾಡಿಕೊಂಡಿದ್ದರು. ಕೊಳೆತ ಹಲಗೆಯನ್ನು ತೆಗೆದು ಹೊಸ ಹಲಗೆ ಹಾಕುತ್ತ ಬಂದರು. ಅದು ಅದೇ ಹಡಗೆಂದು ಕೆಲವು ದಾರ್ಶನಿಕರು, ಅಲ್ಲವೆಂದು ಕೆಲವರು ವಾದಿಸುತ್ತಿದ್ದರೆಂದು ಪ್ಲುಟಾರ್ಕ್ ಬರೆದಿದ್ದಾನೆ. ೧೭ನೆಯ ಶತಮಾನದಲ್ಲಿ ಇಂಗ್ಲೆಂಡಿನ ಹಾಬ್ಸ್ ಇದಕ್ಕೆ ಒಂದು ಕೊಕ್ಕೆ ಸೇರಿಸಿದ. ತೆಗೆದ ಹಳೆಯ ಹಲಗೆಗಳನ್ನೆಲ್ಲ ಒಬ್ಬನು ಕೂಡಿಟ್ಟು, ಅದೇ ಕ್ರಮದಲ್ಲಿ ಜೋಡಿಸಿ ಇನ್ನೊಂದು ಹಡಗು ಮಾಡಿದರೆ, ನಿಜವಾದ ಹಡಗು ಯಾವುದು? ತರಗತಿಯಲ್ಲಿ ಇಂಥ ಪ್ರಶ್ನೆ ಚೆನ್ನಾಗಿರುತ್ತದೆ. ಆದರೆ ರಿಪೇರಿಯ ಅಂಗಡಿಯಲ್ಲಿ ನಿಂತಾಗ ನನಗೆ ತೋರಿದ್ದು, ದಾರ್ಶನಿಕರು ಎಲ್ಲ ಹಲಗೆಗಳನ್ನೂ ಒಂದೇ ಎಂದು ಎಣಿಸಿ ತಪ್ಪಿದರೆಂದು. ವಸ್ತುವಿನಲ್ಲಿ ಕೆಲವು ಭಾಗಗಳು ಅದರ ಗುಣವನ್ನು ಹೊತ್ತಿರುತ್ತವೆ. ಕೆಲವು ಭಾಗಗಳು ಅದರ ಸವೆತವನ್ನು ಹೊರಲೆಂದೇ ಇರುತ್ತವೆ. ಗಾಡಿಯ ಕೀಲೆಣ್ಣೆ, ದೀಪದ ಬತ್ತಿ, ಹಾರ್ಮೋನಿಯಮ್ಮಿನ ತಿದಿಯ ಚರ್ಮ, ಇವು ಎರಡನೆಯ ಜಾತಿಯವು. ಬತ್ತಿ ಬದಲಾದರೆ ದೀಪ ಬದಲಾಯಿತೆಂದು ಯಾರೂ ಅನ್ನುವುದಿಲ್ಲ. ಸುಟ್ಟ ಬತ್ತಿಯನ್ನು ಅಜ್ಜಿ ಹೊಸೆದದ್ದೆಂದು ಹಾಗೆಯೇ ಉಳಿಸಿಕೊಂಡರೆ ಉಳಿಯುವುದು ಕತ್ತಲೆ.

ಫಿಲ್ಟರು ಕಂಡೆನ್ಸರು ಈ ಬತ್ತಿಯ ಜಾತಿಯದು. ಫೆಂಡರ್ ಆಂಪ್ಲಿಫಯರುಗಳಲ್ಲಿ ಅವುಗಳನ್ನು ಚೌಕಟ್ಟಿನ ಹೊರಮೈಯ ಮೇಲೆ ಬೇರೆಯಾಗಿ, ಒಂದು ತಗಡಿನ ಮುಚ್ಚಳದ ಕೆಳಗೆ ಇಟ್ಟಿರುತ್ತಾರೆ. ಅಲ್ಲಿನವರು ಅದಕ್ಕೆ ನಾಯಿಯ ಗೂಡು ಎಂದು ಹೆಸರಿಟ್ಟಿದ್ದಾರೆ. ಕೆಲವೇ ತಿರುಪು ಬಿಚ್ಚಿದರೆ ಮುಚ್ಚಳ ಕೈಗೆ ಬರುತ್ತದೆ. ಲಿಯೋ ಫೆಂಡರ್ ೧೯೩೮ರಲ್ಲಿ ಫುಲರ್ಟನ್ ಊರಿನಲ್ಲಿ ರೇಡಿಯೋ ರಿಪೇರಿಯ ಅಂಗಡಿ ತೆರೆದು ಜೀವನ ಆರಂಭಿಸಿದವರು. ಸ್ವತಃ ಗಿಟಾರು ನುಡಿಸಲು ಬಾರದವರು. ಕೆಟ್ಟ ಕಂಡೆನ್ಸರು ಬದಲಾಯಿಸುವುದು ಆ ಅಂಗಡಿಗಳ ನಿತ್ಯದ ದುಡಿಮೆ. ತಾನು ಮಾಡಿದ ಪೆಟ್ಟಿಗೆಯೂ ಒಂದು ದಿನ ಇನ್ನೊಬ್ಬ ರಿಪೇರಿಗಾರನ ಮೇಜಿಗೆ ಬರುವುದೆಂದು ಅಂಥವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆ ಮೂಲಪುರುಷನೇ ಬದಲಾಯಿಸಲು ಇಟ್ಟ ಭಾಗವನ್ನು, ಅವನ ಹೆಸರಿನಲ್ಲಿಯೇ ಬದಲಾಯಿಸಬಾರದೆನ್ನುವ ಭಕ್ತರು ಹುಟ್ಟಿಕೊಂಡಿದ್ದಾರೆ. ಗುರುವಿಗಿಂತ ಶಿಷ್ಯರು ಕಠಿಣರಾಗುವುದು ಈ ಒಂದು ವಿಷಯದಲ್ಲಿ ಮಾತ್ರವೇನೂ ಅಲ್ಲ.

ಹಾಗೆಂದು ಬದಲಾಯಿಸುವವನಿಗೆ ಯಾವ ಕಟ್ಟುಪಾಡೂ ಇಲ್ಲವೆಂದಲ್ಲ. ಹೊಸ ಕಾಲದ ಕಂಡೆನ್ಸರು ಅಷ್ಟೇ ಗಾತ್ರದಲ್ಲಿ ಎರಡು ಮೂರು ಪಾಲು ಹಿಡಿಯಬಲ್ಲದು. ದೊಡ್ಡದನ್ನೇ ಹಾಕಿಬಿಡಿ, ಗುಂಯ್ ಎನ್ನುವುದು ಪೂರ್ತಿ ಅಡಗಲಿ ಎಂದು ನಾನು ಈಗ ಉದಾರನಾದೆ. ಅವರು ಒಪ್ಪಲಿಲ್ಲ. ಮೊದಲನೆಯದಾಗಿ, ಅಷ್ಟು ದೊಡ್ಡ ಕೆರೆಯನ್ನು ತುಂಬಿಸುವ ಶ್ರಮವನ್ನು ಆ ರೆಕ್ಟಿಫಯರು ವಾಲ್ವು ತಾಳಲಾರದು. ಎರಡನೆಯದಾಗಿ, ಜೋರಾಗಿ ಮೀಟಿದಾಗ ವಿದ್ಯುತ್ತಿನ ಒತ್ತಡ ಒಂದು ಗಳಿಗೆ ಕುಗ್ಗಿ ಮತ್ತೆ ಚೇತರಿಸಿಕೊಳ್ಳುತ್ತದೆ. ಆ ಕುಗ್ಗುವಿಕೆಯಿಂದಲೇ ಸ್ವರದ ಅಂಚು ಮೃದುವಾಗುವುದು. ಈ ಮಾದರಿಯ ಸೊಗಸು ಅದರಲ್ಲಿದೆ. ಕಂಡೆನ್ಸರು ಬಹಳ ದೊಡ್ಡದಾದರೆ ಒತ್ತಡ ಬಗ್ಗುವುದಿಲ್ಲ, ಧ್ವನಿ ಬಿರುಸಾಗುತ್ತದೆ. ಆದುದರಿಂದ ಮೊದಲು ಎಷ್ಟಿತ್ತೋ ಅಷ್ಟೇ. ಹಳೆಯದನ್ನು ಕೆಡಿಸುವ ದಾರಿ ಎರಡು ಎಂದು ಆಗ ನನಗೆ ಅರಿವಾಯಿತು: ಏನನ್ನೂ ಮಾಡದಿರುವುದು ಒಂದು, ಬೇಕಾದುದಕ್ಕಿಂತ ಹೆಚ್ಚು ಮಾಡುವುದು ಇನ್ನೊಂದು. ಸ್ವಲ್ಪ ಹೊತ್ತಿನ ಮುಂಚೆ ಮೊದಲನೆಯದಕ್ಕೆ ವಕೀಲನಾಗಿದ್ದವನು, ಈಗ ಅಷ್ಟೇ ವಿಶ್ವಾಸದಿಂದ ಎರಡನೆಯದಕ್ಕೆ ವಕೀಲನಾಗಿದ್ದೆ.

ನಿಜವಾದ ಧರ್ಮಸಂಕಟ ಇನ್ನೂ ಮುಂದೆ ಇತ್ತು. ಕೆಲಸದ ದಿನ ಗೊತ್ತುಮಾಡುವಾಗ ಗೆಳೆಯರು ಒಂದು ಮಾತು ಎತ್ತಿದರು. ಹಳೆಯ ಕಂಡೆನ್ಸರಿನ ಒಳಗನ್ನು ತೆಗೆದು, ಖಾಲಿಯಾದ ಆ ರಟ್ಟಿನ ಕವಚದೊಳಗೆ ಹೊಸದನ್ನು ಕೂಡಿಸಿ, ತುದಿಯನ್ನು ಮುಚ್ಚಿ ಮೊದಲಿನಂತೆಯೇ ಕಾಣುವ ಹಾಗೆ ಮಾಡುವ ಪದ್ಧತಿ ಒಂದುಂಟು ಎಂದು ಅವರು ಎಲ್ಲಿಯೋ ಓದಿದ್ದರು. ಹಳೆಯ ರೇಡಿಯೋಗಳನ್ನು ಉದ್ಧಾರ ಮಾಡುವವರಲ್ಲಿ ಇದು ರೂಢಿಯೇ. ಹೊಸ ಕಂಡೆನ್ಸರು ಚಿಕ್ಕದಾದುದರಿಂದ ಸಲೀಸಾಗಿ ಒಳಗೆ ಹೋಗುತ್ತದೆ. ಗುಂಯ್‌ಗುಡುವಿಕೆಯೂ ಹೋಗುತ್ತದೆ, ನೋಡುವುದಕ್ಕೂ ಮೂಲವೇ ಉಳಿಯುತ್ತದೆ. ನೆರೆಯ ತಾಯಿಗೆ, ಏನೂ ಬದಲಾಗಿಲ್ಲ, ಸ್ವಲ್ಪ ಶುಚಿ ಮಾಡಿಸಿದೆವು ಎಂದರಾಯಿತು. ಎಂದಾದರೂ ಮಾರಬೇಕಾಗಿ ಬಂದರೆ—ಎಂದು ಗೆಳೆಯರು ಮಾತನ್ನು ಅಲ್ಲಿಗೇ ನಿಲ್ಲಿಸಿದರು. ರಿಪೇರಿಗಾರರು, “ಬೇಕಾದರೆ ಹಾಗೆಯೇ ಮಾಡಿಕೊಡುತ್ತೇನೆ. ಆದರೆ ಹಾಗೆ ಮಾಡಿದ್ದೇನೆಂದು ಚೀಟಿ ಬರೆದು ಒಳಗೆ ಅಂಟಿಸುತ್ತೇನೆ” ಎಂದರು. ಚೀಟಿ ಅಂಟಿಸಿದರೆ ಮಾಡಿ ಫಲವೇನು ಎಂದು ಗೆಳೆಯರ ಮುಖ ಹೇಳಿತು. ನಾಚಿಕೆಯಿಂದ ಹೇಳುತ್ತೇನೆ: ಆ ಉಪಾಯ ನನಗೂ ಹಿಡಿಸಿತ್ತು. ಯಾರ ಮನಸ್ಸೂ ನೋಯದ ಹಾಗೆ ಎಲ್ಲರಿಗೂ ಬೇಕಾದುದು ಸಿಗುವುದಾದರೆ ತಪ್ಪೇನು ಎಂದುಕೊಂಡೆ.

ಆ ರಾತ್ರಿ ನಿದ್ರೆ ಬೇಗ ಬರಲಿಲ್ಲ. ನನ್ನ ಉದ್ಯೋಗದಲ್ಲಿ ಹಳೆಗನ್ನಡ ಕಾವ್ಯಗಳ ಪಾಠ ಹೇಳುವುದೂ ಸೇರಿದೆ. ನಾವು ಓದುವ ಯಾವ ಕಾವ್ಯವೂ ಕವಿ ಬರೆದ ಓಲೆಯಲ್ಲಿ ನಮ್ಮ ಕೈಗೆ ಬಂದುದಲ್ಲ. ಓಲೆಗರಿ ಜೀರ್ಣವಾಗುತ್ತದೆ, ಹುಳು ತಿನ್ನುತ್ತದೆ. ತಲೆಮಾರಿಗೊಮ್ಮೆ ಯಾರೋ ಒಬ್ಬ ಲಿಪಿಕಾರ ಹೊಸ ಗರಿಯ ಮೇಲೆ ಅದನ್ನು ಇಳಿಸಿಕೊಂಡ. ಹಳೆಯ ಗರಿಯೇ ಪವಿತ್ರ, ಅದನ್ನು ನಕಲು ಮಾಡಕೂಡದು ಎಂದು ಎಲ್ಲರೂ ಕೈಕಟ್ಟಿ ಕುಳಿತಿದ್ದರೆ ಪಂಪನೂ ಇಲ್ಲ, ರನ್ನನೂ ಇಲ್ಲ. ಆದರೆ ಒಳ್ಳೆಯ ಸಂಪಾದಕ ಏನು ಮಾಡುತ್ತಾನೆ? ಮೂಲದಲ್ಲಿ ಅಕ್ಷರ ಹಾರಿಹೋದ ಕಡೆ ತಾನು ಊಹಿಸಿ ತುಂಬಿದ ಅಕ್ಷರವನ್ನು ಕಂಸದೊಳಗೆ ಇಡುತ್ತಾನೆ. ಆ ಎರಡು ಸಣ್ಣ ಗೆರೆಗಳಲ್ಲಿ ಅವನ ಸತ್ಯವೆಲ್ಲ ಇದೆ. ‘ಇಲ್ಲಿ ಮುರಿದಿತ್ತು, ಇದು ನನ್ನದು, ತಪ್ಪಿದ್ದರೆ ತಿದ್ದಿ’ ಎಂದು ಅವು ಹೇಳುತ್ತವೆ. ಕಂಸವನ್ನು ಬಿಟ್ಟು, ತನ್ನ ಅಕ್ಷರವನ್ನು ಕವಿಯ ಅಕ್ಷರದ ನಡುವೆ ಮೆಲ್ಲನೆ ತೂರಿಸಿದವನು ಎಷ್ಟೇ ಚೆನ್ನಾಗಿ ತುಂಬಿದ್ದರೂ ಅವನನ್ನು ನಾವು ಸಂಪಾದಕನೆನ್ನುವುದಿಲ್ಲ. ಇದನ್ನು ವರ್ಷವರ್ಷವೂ ವಿದ್ಯಾರ್ಥಿಗಳಿಗೆ ಹೇಳುವವನು ನಾನು. ರಟ್ಟಿನ ಕವಚ ಕಂಸವಿಲ್ಲದ ಅಕ್ಷರವೆಂಬುದು ಅಂಗಡಿಯಲ್ಲಿ ನನಗೆ ಹೊಳೆಯಲಿಲ್ಲ, ರಿಪೇರಿಗಾರರಿಗೆ ಹೊಳೆದಿತ್ತು.

ನಮ್ಮ ಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಒಡೆದುದನ್ನು, ಬಿರಿದುದನ್ನು, ಸವೆದುದನ್ನು ಸರಿಪಡಿಸುವುದು ಎಂದು ಅದರ ಅರ್ಥ. ದೇವಾಲಯಕ್ಕೆ ಭೂಮಿ ಬಿಡುವಾಗ ಪೂಜೆಗೆ ಇಷ್ಟು, ತಪಸ್ವಿಗಳ ಆಹಾರಕ್ಕೆ ಇಷ್ಟು ಎಂದು ಹೇಳಿ, ಅದರ ಜೊತೆಗೇ ರಿಪೇರಿಗೂ ಎಂದು ಬರೆಸುತ್ತಿದ್ದರು. ಕಲ್ಲಿನ ಗುಡಿಯೂ ಒಂದು ದಿನ ಬಿರಿಯುತ್ತದೆಂದು ದಾನದ ದಿನವೇ ನೆನೆದ ಜನ ಅವರು. ಬಿರಿಯುವುದನ್ನು ಅವರು ಅವಮಾನವೆಂದು ಎಣಿಸಲಿಲ್ಲ. ಬಿರಿದಾಗ ಸರಿಪಡಿಸುವುದನ್ನು ಪುಣ್ಯವೆಂದು ಎಣಿಸಿದರು. ಅಷ್ಟೇ ಅಲ್ಲ, ಯಾರು, ಯಾವ ಶಕವರ್ಷದಲ್ಲಿ, ಯಾವ ಗದ್ದೆಯನ್ನು ಯಾವ ಎಲ್ಲೆಯೊಳಗೆ ಕೊಟ್ಟರು ಎಂಬುದನ್ನು ಕಲ್ಲಿನಲ್ಲಿ ಕೊರೆಸಿದರು. ಮಾಡುವುದು ಒಂದು ಅರ್ಧ, ಹೇಳುವುದು ಇನ್ನೊಂದು ಅರ್ಧ. ಹೇಳದೆ ಮಾಡಿದರೆ ಮುಂದೆ ಬರುವವನು ಹೊಸದನ್ನು ಹಳೆಯದೆಂದು ನಂಬಿ ಮೋಸಹೋಗುತ್ತಾನೆ. ಆ ಮುಂದೆ ಬರುವವನು ಎಂದೋ ಈ ಪೆಟ್ಟಿಗೆಯನ್ನು ಬಿಚ್ಚುವ ರಿಪೇರಿಗಾರನಾಗಿರಬಹುದು. ಕವಚದ ಮೇಲಿನ ಹಳೆಯ ಅಂಕಿಯನ್ನು ನೋಡಿ ಕೆಟ್ಟದ್ದೆಂದು ತಿಳಿದು ಕೀಳಬಹುದು, ಇಲ್ಲವೆ ಉಳಿತಾಯ ಮಾಡಿ ಹಣ ಕೊಟ್ಟು ಕೊಂಡ ಯಾವನೋ ಬಡ ವಾದಕನಾಗಿರಬಹುದು. ನಮಗೆ ಅವನ ಮುಖ ಕಾಣದೆಂಬುದು ನಮ್ಮ ಋಣವನ್ನು ಕಡಮೆ ಮಾಡುವುದಿಲ್ಲ.

ಬೆಳಗ್ಗೆ ಗೆಳೆಯರಿಗೆ ಇಷ್ಟನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಆ ತಾಯಿಗೂ ಹೇಳಬೇಕು” ಎಂದರು. ಹೇಳಿದರು. ಆಕೆ, “ನುಡಿಸುವವಳು ಅವಳು, ಅವಳಿಗೆ ಬೇಕಾದ ಹಾಗೆ ಮಾಡಿಸಿ. ಒಯ್ಯುವ ಮೊದಲು ಒಂದು ಸಲ ಚಾಲೂ ಮಾಡಿ” ಎಂದಷ್ಟೇ ಹೇಳಿದರು. ಗಿಟಾರು ಇರಲಿಲ್ಲ, ಪೆಟ್ಟಿಗೆ ಮಾತ್ರ ಗುಂಯ್ ಎನ್ನುತ್ತಿತ್ತು. ಆಕೆ ಎದುರಿಗೆ ಕುರ್ಚಿಯಲ್ಲಿ ಐದು ನಿಮಿಷ ಕುಳಿತಿದ್ದು, ಎದ್ದು ತಾವೇ ಆರಿಸಿದರು.

ರಿಪೇರಿಯ ದಿನ ತಗಡಿನ ಮುಚ್ಚಳವನ್ನು ಬಿಚ್ಚಿದಾಗ ನಾವೂ ಅಲ್ಲಿದ್ದೆವು. ಒಳಗಿನ ಕಂಡೆನ್ಸರುಗಳಲ್ಲಿ ಒಂದು ಮಾತ್ರ ಬೇರೆಯಾಗಿತ್ತು. ಬಣ್ಣ ಬೇರೆ, ಗಾತ್ರ ಸಣ್ಣದು, ಬೆಸುಗೆ ಸ್ವಲ್ಪ ಒರಟು. ರಿಪೇರಿಗಾರರು ಮುಚ್ಚಳವನ್ನು ತಿರುಗಿಸಿ ದೀಪದ ಕೆಳಗೆ ಹಿಡಿದರು. ಒಳಮೈಯ ಮೇಲೆ ಸೀಸದ ಕಡ್ಡಿಯಲ್ಲಿ, ಮೊದಲನೆಯದನ್ನು ಬದಲಾಯಿಸಿದೆ ಎಂದು ಬರೆದು, ೧೯೮೧ ಎಂದು ವರ್ಷ ಹಾಕಿತ್ತು. ಗೆಳೆಯರು ಅದರ ಚಿತ್ರ ತೆಗೆದು ನೆರೆಯ ತಾಯಿಗೆ ತೋರಿಸಿದರು. ಅದು ಆಕೆಯ ಗಂಡನ ಅಕ್ಷರ. ಯಾರಿಗೂ ಮುಟ್ಟಗೊಡುತ್ತಿರಲಿಲ್ಲ ಎಂದು ಆಕೆ ಹೇಳಿದ್ದು ನಿಜವೇ ಆಗಿತ್ತು. ತಾನೇ ಮುಟ್ಟುತ್ತಿದ್ದ ಆ ಮನುಷ್ಯ. ಯಾರೂ ಕೈಹಚ್ಚದ ಮೂಲವೆಂದು ನಾನು ಅಷ್ಟು ದೊಡ್ಡ ಮಾತಿನಲ್ಲಿ ಕಾಪಾಡಲು ಹೊರಟ ವಸ್ತುವನ್ನು, ನಾನು ಹುಟ್ಟಿದ ಕಾಲದಲ್ಲಿಯೇ ಅದರ ಒಡೆಯ ಬಿಚ್ಚಿ, ಸರಿಪಡಿಸಿ, ಹೇಳಿ ಇಟ್ಟಿದ್ದ.

ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಹೊಸ ಕಂಡೆನ್ಸರುಗಳು ತಮ್ಮ ಹೊಸ ಬಣ್ಣದಲ್ಲಿಯೇ ಇವೆ. ಹಳೆಯವನ್ನು ಒಂದು ಲಕೋಟೆಯಲ್ಲಿ ಹಾಕಿ ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದಾರೆ. ಹಾಬ್ಸನ ಹಡಗು ಕಟ್ಟುವವರು ಯಾರಾದರೂ ಬಂದರೆ ಹಲಗೆಗಳು ಸಿದ್ಧವಾಗಿವೆ. ಮುಚ್ಚಳದ ಒಳಮೈಯಲ್ಲಿ ೧೯೮೧ರ ಸಾಲಿನ ಕೆಳಗೆ ರಿಪೇರಿಗಾರರು, ಎಲ್ಲವನ್ನೂ ಬದಲಾಯಿಸಿದೆ ಎಂದು ಬರೆದು ತಾರೀಖು ಹಾಕಿದರು. ಹುಡುಗಿ ಮನೆಯಲ್ಲಿ ಮೊದಲ ಸ್ವರ ಮೀಟಿದಾಗ ಆ ಸ್ವರದ ಜೊತೆಗೆ ಬೇರೆ ಯಾವ ಸ್ವರವೂ ಬರಲಿಲ್ಲ. ಎಲ್ಲರಿಗೂ ಸಂತೋಷವಾಯಿತು.

ನೆರೆಯ ತಾಯಿ ಪೂರ್ತಿ ಕೇಳಿ, ಚೆನ್ನಾಗಿದೆ ಎಂದರು. ಹುಡುಗಿ ಗಿಟಾರನ್ನು ಕೆಳಗಿಟ್ಟ ಮೇಲೂ ಸ್ವಲ್ಪ ಹೊತ್ತು ಕುಳಿತೇ ಇದ್ದರು. ಪೆಟ್ಟಿಗೆಯ ಕೆಂಪು ದೀಪ ಉರಿಯುತ್ತಿತ್ತು, ಸದ್ದೇನೂ ಇರಲಿಲ್ಲ. “ಇದು ಚಾಲೂ ಇದೆಯೆ?” ಎಂದು ಆಕೆ ಕೇಳಿದರು. 'ಹೌದು' ಎಂದಳು ಹುಡುಗಿ. ನಾವು ಮಾಡಿದ್ದು ಸರಿಯೆಂದೇ ನಾನು ಈಗಲೂ ನಂಬಿದ್ದೇನೆ. ಆದರೆ ಸರಿಯಾದುದನ್ನು ಮಾಡಿದಾಗ ಯಾರಿಗೂ ಏನೂ ಕಳೆದುಹೋಗುವುದಿಲ್ಲವೆಂದು ನಾನು ಹೇಳಲಾರೆ. ಆ ಪ್ರಶ್ನೆಯನ್ನು ಕೇಳುವಾಗ ಆಕೆಯ ಮುಖವನ್ನು ನಾನು ನೋಡಿದ್ದೇನೆ.